ಪರದೇಶದಲ್ಲಿ ಬಾಯಿ ತುಂಬ ಹಲ್ಲು: ಹಣದ ಲೆಕ್ಕ, ಮೂಳೆಯ ಲೆಕ್ಕ

ಹಲ್ಲುಗಳೆಲ್ಲ ಒಂದೊಂದಾಗಿ ಕೈಕೊಟ್ಟವರಿಗೆ ದಂತವೈದ್ಯರು ಬರೆದುಕೊಡುವ ಖರ್ಚಿನ ಅಂದಾಜು ಹಲವು ದೇಶಗಳಲ್ಲಿ ಎದೆ ಒಡೆಯುವಷ್ಟಿರುತ್ತದೆ. ಅದೇ ಕೆಲಸವನ್ನು ಇನ್ನೊಂದು ದೇಶದ ಕ್ಲಿನಿಕ್ ಅರ್ಧ ದರಕ್ಕೋ ಮೂರನೇ ಒಂದು ಪಾಲಿಗೋ ಮಾಡಿಕೊಡುತ್ತೇವೆ ಎಂದಾಗ, ವಿಮಾನದ ಟಿಕೆಟ್ಟು, ಹೋಟೆಲಿನ ಖರ್ಚು ಸೇರಿಸಿದರೂ ಉಳಿತಾಯವೇ ಕಾಣುತ್ತದೆ. ಈ ಉಳಿತಾಯ ಸುಳ್ಳಲ್ಲ. ಹೀಗೆ ಹೋಗಿ ಒಳ್ಳೆಯ ಕೆಲಸ ಮಾಡಿಸಿಕೊಂಡು ಬಂದವರು ಬೇಕಾದಷ್ಟು ಜನರಿದ್ದಾರೆ. ನೋವಿನ ಬಾಯಿ ಹೊತ್ತು ಮರಳಿದವರೂ ಇದ್ದಾರೆ. ಇಬ್ಬರ ನಡುವಿನ ವ್ಯತ್ಯಾಸ ಬಹಳ ಸಲ ವೈದ್ಯರ ಕೈಚಳಕಕ್ಕಿಂತ ಕ್ಯಾಲೆಂಡರಿನಲ್ಲಿ ಇರುತ್ತದೆ. ದೇಶ ಬದಲಾದರೆ ಸಂಬಳ, ಬಾಡಿಗೆ, ಲ್ಯಾಬಿನ ಕೂಲಿ ಇಳಿಯುತ್ತವೆ. ದವಡೆಯ ಮೂಳೆ ಲೋಹವನ್ನು ಹಿಡಿದುಕೊಳ್ಳಲು ಬೇಕಾದ ತಿಂಗಳುಗಳು ಮಾತ್ರ ಎಲ್ಲಿಯೂ ಇಳಿಯುವುದಿಲ್ಲ.

ಮೊದಲು ಈ ಚಿಕಿತ್ಸೆ ಏನೆಂದು ನೋಡೋಣ. ಬುದ್ಧಿಹಲ್ಲುಗಳನ್ನು ಬಿಟ್ಟರೆ ವಯಸ್ಕರ ಬಾಯಲ್ಲಿ 28 ಹಲ್ಲುಗಳಿರುತ್ತವೆ. ಅವುಗಳಲ್ಲಿ ಕೆಲವು ಬಿದ್ದು, ಕೆಲವು ಹುಳುಕಾಗಿ, ಉಳಿದವು ಸವೆದುಹೋದಾಗ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಒಟ್ಟಿಗೆ ಸರಿಪಡಿಸುವುದೇ ಪೂರ್ಣ ಬಾಯಿಯ ಪುನರ್ನಿರ್ಮಾಣ. ಒಬ್ಬರ ಬಾಯಲ್ಲಿ ಅದು ರೂಟ್ ಕೆನಾಲ್ ಮತ್ತು ಕ್ಯಾಪ್‌ಗಳ ಕೆಲಸ. ಇನ್ನೊಬ್ಬರಲ್ಲಿ ಉಳಿದ ಹಲ್ಲುಗಳನ್ನೂ ಕಿತ್ತು ಇಂಪ್ಲಾಂಟ್‌ಗಳ, ಅಂದರೆ ದವಡೆಯ ಮೂಳೆಯೊಳಗೆ ಕೂರಿಸುವ ಸ್ಕ್ರೂವಿನಂಥ ಲೋಹದ ಬೇರುಗಳ, ಮೇಲೆ ಇಡೀ ಸಾಲನ್ನು ಕೂರಿಸುವ ಕೆಲಸ. ಎರಡು ಇಂಪ್ಲಾಂಟ್‌ಗಳಿಗೆ ಒತ್ತುಗುಂಡಿಯಂತೆ ಕಚ್ಚಿಕೊಳ್ಳುವ, ರಾತ್ರಿ ತೆಗೆದಿಡುವ ಸೆಟ್ಟು ಕೂಡ ಈ ಹೆಸರಿನೊಳಗೇ ಬರುತ್ತದೆ. ಆದ್ದರಿಂದ ಎರಡು ಕ್ಲಿನಿಕ್‌ಗಳ ದರ ಹೋಲಿಸುವ ಮೊದಲು ಅವೆರಡೂ ಒಂದೇ ಕೆಲಸದ ದರವೇ ಎಂದು ಕೇಳಿಕೊಳ್ಳಬೇಕು. ಬಹಳ ಸಲ ಆಗಿರುವುದಿಲ್ಲ.

ಹಲ್ಲುಗಳ ಜೊತೆಗೆ ಸದ್ದಿಲ್ಲದೆ ಕಳೆದುಹೋಗುವುದು ಎತ್ತರ. ಹಲ್ಲು ಸವೆದಂತೆ, ದವಡೆಹಲ್ಲುಗಳು ಬಿದ್ದಂತೆ ಮೂಗಿಗೂ ಗದ್ದಕ್ಕೂ ನಡುವಿನ ಅಂತರ ಕುಗ್ಗುತ್ತದೆ, ತುಟಿಗಳು ಒಳಸೇರುತ್ತವೆ. ಹೊಸ ಹಲ್ಲು ಕಟ್ಟುವವರು ಈ ಎತ್ತರವನ್ನು ಮತ್ತೆ ಎಷ್ಟಕ್ಕೆ ಏರಿಸಬೇಕೆಂದು ತೀರ್ಮಾನಿಸಬೇಕು, ಆ ತೀರ್ಮಾನವನ್ನು ಕಿವಿಯ ಮುಂದಿನ ದವಡೆಕೀಲು ಮತ್ತು ಅಗಿಯುವ ಸ್ನಾಯುಗಳು ಒಪ್ಪಬೇಕು. ಒಪ್ಪುತ್ತವೆಯೋ ಇಲ್ಲವೋ ಎಂದು ತಿಳಿಯಲು ಇರುವ ದಾರಿ ಒಂದೇ, ಹಾಕಿ ನೋಡುವುದು. ದವಡೆಗಳ ಮಾದರಿಯ ಮೇಲೆ ಮೊದಲು ಮೇಣದಲ್ಲಿ ಅಥವಾ ಕಂಪ್ಯೂಟರಿನಲ್ಲಿ ಹಲ್ಲುಗಳನ್ನು ರೂಪಿಸುತ್ತಾರೆ. ಅದೇ ಆಕಾರದ ತಾತ್ಕಾಲಿಕ ಅಕ್ರಿಲಿಕ್ ಹಲ್ಲುಗಳನ್ನು ರೋಗಿ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ ಧರಿಸಿ ನೋಡಬೇಕು. ಸಕಾರ ಉಚ್ಚರಿಸುವಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಹತ್ತಿರ ಬಂದರೂ ಒಂದಕ್ಕೊಂದು ತಾಗಬಾರದು. ತಾಗಿ ಟಕ್ಕೆನ್ನುತ್ತಿದ್ದರೆ ಎತ್ತರ ಹೆಚ್ಚಾಗಿದೆ ಎಂದರ್ಥ. ಬೆಳಿಗ್ಗೆ ಎದ್ದಾಗ ಕೆನ್ನೆಯ ಸ್ನಾಯು ನೋಯುತ್ತಿದೆಯೇ, ನಾಲಿಗೆ ಕಚ್ಚಿಕೊಳ್ಳುತ್ತಿದೆಯೇ ಎಂಬುದೆಲ್ಲ ಬಯಲಾಗುವುದು ಈ ಅವಧಿಯಲ್ಲೇ. ಇಲ್ಲಿ ಕಂಡ ತಪ್ಪನ್ನು ಅಕ್ರಿಲಿಕ್ಕಿನಲ್ಲಿ ಹತ್ತು ನಿಮಿಷದಲ್ಲಿ ತಿದ್ದಬಹುದು. ಶಾಶ್ವತ ಹಲ್ಲಿಗೆ ಬಳಸುವ ಗಟ್ಟಿ ಪಿಂಗಾಣಿಯಂಥ ಜಿರ್ಕೋನಿಯಾದಲ್ಲಿ ಹಾಗೆ ತಿದ್ದಲು ಬರುವುದಿಲ್ಲ, ಬಹಳ ಸಲ ಮತ್ತೆ ಮಾಡಿಸಬೇಕಾಗುತ್ತದೆ. ಒಂದು ವಾರದ ಪ್ಯಾಕೇಜಿನಲ್ಲಿ ಮೊದಲು ಬಿಟ್ಟುಹೋಗುವುದು ಈ ಹಂತವೇ ಎಂಬುದು ನನ್ನನ್ನು ಕಾಡುವ ಸಂಗತಿ.

ದರ ಇಳಿಯುವುದು ಎಲ್ಲಿ

ದಂತ ಪ್ರವಾಸದ ನಕ್ಷೆಯಲ್ಲಿ ಕೆಲವು ಊರುಗಳು ಬಹುಕಾಲದಿಂದ ಇವೆ. ಅಮೆರಿಕದ ಅರಿಜೋನಾ ರಾಜ್ಯದ ಯೂಮಾ ನಗರದ ಸಮೀಪ ಗಡಿ ದಾಟಿದರೆ ಸಿಗುವ ಮೆಕ್ಸಿಕೋದ ಲಾಸ್ ಅಲ್ಗೊಡೋನೆಸ್ ಎಂಬ ಪುಟ್ಟ ಪಟ್ಟಣದಲ್ಲಿ ನೂರಾರು ದಂತವೈದ್ಯರಿದ್ದಾರೆ. ಮೋಲಾರ್ ಸಿಟಿ, ಅಂದರೆ ದವಡೆಹಲ್ಲಿನ ನಗರ, ಎಂದೇ ಅದಕ್ಕೆ ಅಡ್ಡಹೆಸರು. ಹಂಗೇರಿಯ ಶೊಪ್ರೊನ್, ಮೊಶೊನ್‌ಮಾಗ್ಯರೋವಾರ್ ಪಟ್ಟಣಗಳಿಗೆ ಗಡಿಯಾಚೆಯ ಆಸ್ಟ್ರಿಯಾದಿಂದ ರೋಗಿಗಳು ಬರುತ್ತಾರೆ. ಬುಡಾಪೆಸ್ಟ್, ಇಸ್ತಾಂಬುಲ್, ಅಂಟಾಲ್ಯ, ಬ್ಯಾಂಕಾಕ್, ಕೋಸ್ಟರಿಕಾದ ಸಾನ್ ಹೋಸೆ ಇವೂ ಪ್ರಸಿದ್ಧ. ಹೋಗುವವರ ಕಡೆ ನೋಡಿದರೆ ಕಾರಣ ಸ್ಪಷ್ಟ. ಅಮೆರಿಕದ ಹಿರಿಯರ ಮೆಡಿಕೇರ್ ವಿಮೆ ಸಾಮಾನ್ಯ ದಂತ ಚಿಕಿತ್ಸೆಯನ್ನು ಬಹುಮಟ್ಟಿಗೆ ಹೊರಗಿಟ್ಟಿದೆ, ಆಸ್ಟ್ರೇಲಿಯಾದ ಮೆಡಿಕೇರ್ ಕೂಡ ವಯಸ್ಕರ ಹಲ್ಲಿನ ಖರ್ಚನ್ನು ಹೆಚ್ಚುಪಾಲು ಹೊರುವುದಿಲ್ಲ. ಐರೋಪ್ಯ ಒಕ್ಕೂಟದವರಿಗೆ 2011ರ ಗಡಿಯಾಚೆಯ ಆರೋಗ್ಯಸೇವಾ ನಿರ್ದೇಶನದ ಪ್ರಕಾರ, ತಮ್ಮ ದೇಶದ ವಿಮೆ ಭರಿಸುವಂಥ ಚಿಕಿತ್ಸೆಯಾದರೆ ತಮ್ಮ ದೇಶದಲ್ಲಿ ಸಿಗುತ್ತಿದ್ದ ಮೊತ್ತದವರೆಗೆ ಖರ್ಚನ್ನು ಮರಳಿ ಪಡೆಯುವ ಹಕ್ಕಿದೆ. ಪೂರ್ವಾನುಮತಿ ಬೇಕೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ದರವನ್ನು ಬಿಡಿಸಿ ನೋಡಿದರೆ ಅದರ ದೊಡ್ಡ ಭಾಗ ಮನುಷ್ಯರ ಸಮಯದ ಬೆಲೆ: ವೈದ್ಯರು, ಸಹಾಯಕರು, ಲ್ಯಾಬಿನ ತಂತ್ರಜ್ಞರು. ಅದರ ಮೇಲೆ ಕಟ್ಟಡದ ಬಾಡಿಗೆ, ವೃತ್ತಿ ವಿಮೆಯ ಕಂತು, ವೈದ್ಯರು ಓದಲು ಮಾಡಿದ ಸಾಲ. ಇವೆಲ್ಲ ದೇಶದಿಂದ ದೇಶಕ್ಕೆ ಬಹಳ ಬದಲಾಗುತ್ತವೆ, ಹಾಗಾಗಿ ದರದ ಅಂತರ ನ್ಯಾಯವಾದದ್ದೇ. ಆದರೆ ಸ್ಟ್ರಾಮನ್, ನೊಬೆಲ್ ಬಯೋಕೇರ್ ತರಹದ ಕಂಪನಿಗಳ ಇಂಪ್ಲಾಂಟ್‌ಗಳ ಬೆಲೆ ಕೂಲಿಯಷ್ಟು ಇಳಿಯುವುದಿಲ್ಲ. ಅದೇ ಊರಿನ ಉಳಿದ ಕ್ಲಿನಿಕ್‌ಗಳಿಗಿಂತಲೂ ತೀರಾ ಕಡಿಮೆ ದರ ಕಂಡರೆ ಆ ಕಡಿತ ಎಲ್ಲಿಂದ ಬಂತು ಎಂದು ಹುಡುಕಲೇಬೇಕು. ಸಾಮಾನ್ಯವಾಗಿ ಅದು ಹೆಸರು ಗೊತ್ತಿಲ್ಲದ ಇಂಪ್ಲಾಂಟಿನಿಂದ, ಬಿಟ್ಟುಬಿಟ್ಟ ಹಂತಗಳಿಂದ, ಇಲ್ಲವೇ ಪಟ್ಟಿಯಲ್ಲಿ ಕಾಣದೆ ಕುರ್ಚಿಯಲ್ಲಿ ಕೂತ ಮೇಲೆ ಸೇರುವ ಖರ್ಚುಗಳಿಂದ ಬಂದಿರುತ್ತದೆ.

ಮೂಳೆಯ ಅವಧಿ

1950ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯೊಳಗೆ ರಕ್ತಸಂಚಾರ ನೋಡಲು ಟೈಟಾನಿಯಂ ಉಪಕರಣವೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದು ತೆಗೆಯಲು ಹೋದಾಗ ಅದು ಅಲುಗಲಿಲ್ಲ, ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಮೊದಲ ಬಾರಿಗೆ ಮನುಷ್ಯನ ದವಡೆಗೆ ಇಂಥ ಇಂಪ್ಲಾಂಟ್‌ಗಳನ್ನು ಹಾಕಿದರು; ಆ ರೋಗಿ ನಾಲ್ಕು ದಶಕ ಅವುಗಳನ್ನು ಬಳಸಿದರು. ಬ್ರೋನೆಮಾರ್ಕ್ ಅವರ ಮೂಲ ಪದ್ಧತಿಯಲ್ಲಿ ಕೆಳದವಡೆಗೆ ಸುಮಾರು 3 ತಿಂಗಳು, ಮೂಳೆ ಮೃದುವಾಗಿರುವ ಮೇಲ್ದವಡೆಗೆ ಸುಮಾರು 6 ತಿಂಗಳು ಭಾರ ಹೇರದೆ ಕಾಯುತ್ತಿದ್ದರು. ಇಂಪ್ಲಾಂಟಿನ ಮೈಯನ್ನು ಒರಟಾಗಿಸುವ ವಿಧಾನಗಳು ಬಂದ ಮೇಲೆ ಈ ಅವಧಿ ಕಡಿಮೆಯಾಗಿದೆ, ಆದರೆ ಇಲ್ಲವಾಗಿಲ್ಲ.

ಹೊರಗಿನಿಂದ ಏನೂ ಕಾಣದಿದ್ದರೂ ಒಳಗೆ ನಡೆಯುವ ಕೆಲಸ ಸೂಕ್ಷ್ಮವಾದದ್ದು. ಕೊರೆಯುವಾಗ ಮೂಳೆ ಬಿಸಿಯಾಗದಂತೆ ತಂಪು ಲವಣಜಲ ಹಾಯಿಸುತ್ತಲೇ ಇರಬೇಕು. 47 ಡಿಗ್ರಿ ಸೆಲ್ಸಿಯಸ್ ಶಾಖ ಒಂದು ನಿಮಿಷ ತಾಗಿದರೆ ಮೂಳೆಯ ಕೋಶಗಳು ಸಾಯತೊಡಗುತ್ತವೆ. ಹಾಕಿದ ದಿನ ಇಂಪ್ಲಾಂಟ್ ಗಟ್ಟಿಯಾಗಿಯೇ ಇರುತ್ತದೆ, ಏಕೆಂದರೆ ಅದರ ಸ್ಕ್ರೂವಿನಂಥ ಎಳೆಗಳು ಹಳೆಯ ಮೂಳೆಯಲ್ಲಿ ಕಚ್ಚಿಕೊಂಡಿರುತ್ತವೆ. ಆಮೇಲೆ ದೇಹ ಗಾಯಗೊಂಡ ಹಳೆಯ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟಲು ತೊಡಗುತ್ತದೆ. ಹಳೆಯದು ಕರಗಿ ಹೊಸದು ಇನ್ನೂ ಬಲಿಯದ ಆ ಅಂತರದಲ್ಲಿ, ಸುಮಾರಾಗಿ ಎರಡರಿಂದ ನಾಲ್ಕನೇ ವಾರದ ಹೊತ್ತಿಗೆ, ಹಿಡಿತ ಸಡಿಲವಾಗಿರುತ್ತದೆ. ಪ್ರವಾಸಿ ರೋಗಿ ಅಷ್ಟರಲ್ಲಿ ಮನೆ ಸೇರಿರುತ್ತಾರೆ. ನೋವು ಹೋಗಿದೆ, ಊತ ಇಳಿದಿದೆ, ಇನ್ನೇನು ಎಲ್ಲ ಸರಿಯಾಯಿತೆಂದು ಗಟ್ಟಿ ಪದಾರ್ಥ ಕಚ್ಚುವುದು ಆಗಲೇ.

ಹಾಗಾದರೆ 'ಒಂದೇ ದಿನದಲ್ಲಿ ಹಲ್ಲು' ಎಂಬ ಜಾಹೀರಾತು ಸುಳ್ಳೇ? ಅದರಲ್ಲಿ ಅರ್ಧ ಸತ್ಯವಿದೆ. ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಪಾವ್ಲೊ ಮಾಲೊ 1990ರ ದಶಕದಲ್ಲಿ ರೂಪಿಸಿದ 'ಆಲ್ ಆನ್ ಫೋರ್' ವಿಧಾನದಲ್ಲಿ ಒಂದು ದವಡೆಗೆ ನಾಲ್ಕೇ ಇಂಪ್ಲಾಂಟ್ ಹಾಕುತ್ತಾರೆ. ಮುಂದಿನ ಎರಡು ನೆಟ್ಟಗೆ, ಹಿಂದಿನ ಎರಡು 45 ಡಿಗ್ರಿಯವರೆಗೆ ಓರೆಯಾಗಿ. ಓರೆಯಾಗಿ ಹಾಕುವುದರಿಂದ ಮೇಲ್ದವಡೆಯ ಗಾಳಿಗೂಡನ್ನೂ (ಸೈನಸ್) ಕೆಳದವಡೆಯ ನರವನ್ನೂ ತಪ್ಪಿಸಿ, ಹಲವರಲ್ಲಿ ಮೂಳೆ ಕಸಿಯಿಲ್ಲದೆಯೇ ಕೆಲಸ ಸಾಗುತ್ತದೆ. ನಾಲ್ಕನ್ನೂ ಒಂದೇ ಬ್ರಿಡ್ಜ್, ಅಂದರೆ ಒಂದೇ ತುಂಡಾದ ಹಲ್ಲಿನ ಸಾಲು, ಬಿಗಿದು ಹಿಡಿಯುವುದರಿಂದ ಅದೇ ದಿನ ಅಥವಾ ಒಂದೆರಡು ದಿನಗಳಲ್ಲಿ ಹಲ್ಲು ಕೊಡಬಹುದು. ಆದರೆ ಆ ದಿನ ಕೊಡುವುದು ಅಕ್ರಿಲಿಕ್ಕಿನ ತಾತ್ಕಾಲಿಕ ಸಾಲು. ವಾರಗಳ ಕಾಲ ಮೆತ್ತನೆಯ ಊಟ ಮಾಡಬೇಕು. ಶಾಶ್ವತ ಸಾಲು ಬರುವುದು ಮೂಳೆ ಬೆಸೆದ ಮೇಲೆ, ಸಾಮಾನ್ಯವಾಗಿ ಕೆಲವು ತಿಂಗಳ ನಂತರ, ಎರಡನೇ ಪ್ರವಾಸದಲ್ಲಿ. ಆಗ ವಸಡು ಕುಗ್ಗಿ ಆಕಾರ ಬದಲಿಸಿರುತ್ತದೆ, ಅಳತೆಯನ್ನು ಹೊಸದಾಗಿ ತೆಗೆಯಬೇಕಾಗುತ್ತದೆ. ಹಲ್ಲು ಕಿತ್ತು ಇಂಪ್ಲಾಂಟ್ ಹಾಕಿದ ಅದೇ ವಾರದಲ್ಲಿ ಶಾಶ್ವತ ಜಿರ್ಕೋನಿಯಾ ಸಾಲನ್ನೂ ಕೂರಿಸುತ್ತೇವೆ ಎನ್ನುವ ಕ್ಲಿನಿಕ್ಕಿಗೆ ಹೋಗಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ಮೂಳೆ ಕಸಿ ಅಥವಾ ಗಾಳಿಗೂಡಿನ ತಳ ಎತ್ತುವ ಶಸ್ತ್ರಚಿಕಿತ್ಸೆ ಬೇಕಾದರಂತೂ ಇನ್ನೂ ಹಲವು ತಿಂಗಳು ಸೇರುತ್ತವೆ, ಪ್ರವಾಸ ಮೂರಾಗಬಹುದು.

ಉಳಿಸಬಹುದಾಗಿದ್ದ ಹಲ್ಲುಗಳು

ಇಂಪ್ಲಾಂಟಿಗಿಂತ ನನಗೆ ಹೆಚ್ಚು ಸಂಕಟ ತರುವುದು ಆರೋಗ್ಯವಾಗಿದ್ದ ಹಲ್ಲುಗಳ ಕಥೆ. ನಗು ಚೆಂದ ಕಾಣಲಿ ಎಂದು ಹೋದ ಹರೆಯದವರ ಬಾಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಲ್ಲುಗಳನ್ನು ಮೊಳೆಗಳಂತೆ ಸಣ್ಣಗೆ ಅರೆದು ಕ್ಯಾಪ್ ಹಾಕಿದ ಚಿತ್ರಗಳು ಬ್ರಿಟನ್ನಿನಲ್ಲಿ 'ಟರ್ಕಿ ಟೀತ್' ಎಂಬ ಹೆಸರಿನಲ್ಲಿ ಸುದ್ದಿಯಾದವು. ದೇಶದ ಹೆಸರು ಅಂಟಿದ್ದು ನ್ಯಾಯವಲ್ಲ. ಟರ್ಕಿಯಲ್ಲಿ ಅತ್ಯುತ್ತಮ ದಂತವೈದ್ಯರಿದ್ದಾರೆ, ಇಂಥ ಕೆಲಸ ಎಲ್ಲ ದೇಶಗಳಲ್ಲೂ ನಡೆಯುತ್ತದೆ. ಹಲ್ಲಿನ ಎದುರಿಗೆ ಅಂಟಿಸುವ ತೆಳು ಹಾಳೆಯಾದ ವೆನೀರ್‌ಗೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲನ್ನು ಅರ್ಧ ಮಿಲಿಮೀಟರ್ ಆಸುಪಾಸು ತೆಗೆದರೆ ಸಾಕು. ಕ್ಯಾಪಿಗೆ ಸುತ್ತಲೂ ಒಂದರಿಂದ ಎರಡು ಮಿಲಿಮೀಟರ್ ಹೋಗುತ್ತದೆ, ಅಂದರೆ ವಸಡಿನ ಮೇಲೆ ಕಾಣುವ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ. ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಹಾಗೆ ಅರೆದ ಕೆಲವು ಹಲ್ಲುಗಳ ಒಳಗಿನ ನರ ವರ್ಷಗಳ ಮೇಲೆ ಸತ್ತು ರೂಟ್ ಕೆನಾಲ್ ಬೇಕಾಗುತ್ತದೆ. ಕ್ಯಾಪಿಗೂ ಆಯುಷ್ಯವಿದೆ, ಇಪ್ಪತ್ತೈದರ ವಯಸ್ಸಿನಲ್ಲಿ ಹಾಕಿಸಿಕೊಂಡವರು ಜೀವಮಾನದಲ್ಲಿ ಕೆಲವು ಸಲವಾದರೂ ಅವನ್ನು ಬದಲಾಯಿಸಬೇಕು.

ಚಿಕಿತ್ಸಾ ಯೋಜನೆ ಕೈಗೆ ಬಂದಾಗ ಪ್ರತಿ ಹಲ್ಲಿನ ಎದುರೂ ಒಂದು ಪ್ರಶ್ನೆ ಹಾಕಿ: ಇದಕ್ಕೆ ಕ್ಯಾಪ್ ಏಕೆ, ಇದನ್ನು ಕೀಳುವುದೇಕೆ? ಉತ್ತರ ಹಲ್ಲಿನ ರೋಗದ ಬಗ್ಗೆ ಇರಬೇಕು. 'ಎಲ್ಲವೂ ಒಂದೇ ಬಣ್ಣ ಬರಲಿ' ಎಂಬುದು ಗಟ್ಟಿ ಹಲ್ಲನ್ನು ಅರೆಯಲು ಕಾರಣವೇ ಅಲ್ಲ. ಸ್ವಂತ ಹಲ್ಲುಗಳ ಮೇಲೆ ಇಡೀ ಸಾಲಿಗೆ ಒಂದೇ ತುಂಡಾಗಿ ಜೋಡಿಸಿದ ಕ್ಯಾಪ್‌ಗಳನ್ನು ಸೂಚಿಸಿದರೂ ಎಚ್ಚರ ಬೇಕು. ಅದು ಲ್ಯಾಬಿಗೆ ಸುಲಭ, ಕೂರಿಸಲು ಬೇಗ. ಅದರಡಿ ಒಂದೇ ಒಂದು ಹಲ್ಲು ಹುಳುಕಾದರೂ ಇಡೀ ಸಾಲನ್ನು ಒಡೆದು ತೆಗೆಯಬೇಕಾದೀತು, ನಡುವೆ ದಾರ ಹಾಯಿಸಿ ಸ್ವಚ್ಛ ಮಾಡುವುದೂ ಕಷ್ಟ.

ನೀಲಿ ಕಾಗದದ ಪರೀಕ್ಷೆ

ಕೊನೆಯ ದಿನ ಏನಾಗುತ್ತದೆ ಎಂದು ಹತ್ತಿರದಿಂದ ನೋಡುವುದು ಒಳ್ಳೆಯದು. ಕ್ಯಾಪ್‌ಗಳನ್ನು ಕೂರಿಸಿದ ವೈದ್ಯರು ತೆಳುವಾದ ಬಣ್ಣದ ಕಾಗದವೊಂದನ್ನು ಹಲ್ಲುಗಳ ನಡುವೆ ಹಿಡಿದು 'ಕಚ್ಚಿ, ಬಿಡಿ, ಎಡಕ್ಕೆ ಜಾರಿಸಿ, ಬಲಕ್ಕೆ ಜಾರಿಸಿ' ಎನ್ನುತ್ತಾರೆ. ಬಣ್ಣ ದಟ್ಟವಾಗಿ ಅಂಟಿದ ಕಡೆ ಹಲ್ಲು ಎತ್ತರವಾಗಿದೆ. ಅಲ್ಲಿ ಚೂರು ಉಜ್ಜಿ, ನಯಗೊಳಿಸಿ, ಮತ್ತೆ ಕಾಗದ ಹಿಡಿಯುತ್ತಾರೆ. ಬಾಯಿ ಎಚ್ಚರವಾಗಿದ್ದರೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯನ್ನೂ ಹಲ್ಲಿನ ಬೇರನ್ನು ಸುತ್ತಿದ ಪೊರೆ ಹಿಡಿದುಕೊಡುತ್ತದೆ. ಚುಚ್ಚುಮದ್ದಿನಿಂದ ಮರಗಟ್ಟಿದ ಬಾಯಿಗೆ ಅದು ತಿಳಿಯದು. ಇಂಪ್ಲಾಂಟಿಗೆ ಆ ಪೊರೆಯೇ ಇಲ್ಲ, ಆದ್ದರಿಂದ ಅಲ್ಲಿ ಅತಿಭಾರ ಬಿದ್ದರೂ ರೋಗಿಗೆ ಗೊತ್ತಾಗುವುದು ತಡ. ಸ್ಕ್ರೂ ಸಡಿಲವಾದಾಗ, ಪಿಂಗಾಣಿ ಚಕ್ಕೆ ಎದ್ದಾಗ ತಿಳಿಯುತ್ತದೆ. ಮರಗಟ್ಟಿದ ಬಾಯಲ್ಲಿ ಸಂಜೆ 'ಚೆನ್ನಾಗಿದೆ' ಎಂದು ಹೇಳಿ ರಾತ್ರಿಯ ವಿಮಾನ ಹತ್ತಿದವರಿಗೆ ಮೂರನೇ ದಿನ ಒಂದು ದವಡೆಹಲ್ಲು ಮುಟ್ಟಿದರೆ ನೋಯತೊಡಗುತ್ತದೆ. ಹಲ್ಲುಗಳನ್ನು ಕೂರಿಸಿದ ಮೇಲೆ ಕನಿಷ್ಠ ಒಂದೆರಡು ಬಾರಿ, ಮದ್ದಿಲ್ಲದ ಬಾಯಲ್ಲಿ, ನಡುವೆ ಕೆಲವು ದಿನ ಊಟ ಮಾಡಿ ನೋಡಿ ಈ ಪರೀಕ್ಷೆ ಆಗುವಂತೆ ದಿನಗಳನ್ನು ಇಟ್ಟುಕೊಳ್ಳಿ.

ಮರಳುವ ವಿಮಾನದ ಬಗ್ಗೆಯೂ ಒಂದು ಮಾತು. ಹಾರುವಾಗ ವಿಮಾನದೊಳಗಿನ ಒತ್ತಡ ಸುಮಾರು 6,000ರಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಮೇಲ್ದವಡೆಯ ಗಾಳಿಗೂಡಿನ ಶಸ್ತ್ರಚಿಕಿತ್ಸೆ ಆಗಿದ್ದರೆ ಈ ಬದಲಾವಣೆ ತೊಂದರೆ ಕೊಡಬಹುದು, ಮೂಗು ಜೋರಾಗಿ ಸೀನಿದರೂ ಕಸಿ ಕದಲಬಹುದು. ಎಷ್ಟು ದಿನದ ಮೇಲೆ ಹಾರಬಹುದು ಎಂಬುದನ್ನು ಶಸ್ತ್ರಚಿಕಿತ್ಸಕರಿಂದಲೇ ಬರೆಸಿಕೊಂಡು ಆಮೇಲೆ ಟಿಕೆಟ್ ತೆಗೆಯಬೇಕು.

ಮನೆಗೆ ತರಬೇಕಾದ ಕಡತ

ಇಂಪ್ಲಾಂಟಿನ ಪೊಟ್ಟಣದ ಮೇಲೆ ಒಂದು ಪುಟ್ಟ ಚೀಟಿ ಇರುತ್ತದೆ. ಕಂಪನಿಯ ಹೆಸರು, ಮಾದರಿ, ವ್ಯಾಸ, ಉದ್ದ, ತಯಾರಿಕೆಯ ಲಾಟ್ ಸಂಖ್ಯೆ ಅದರಲ್ಲಿರುತ್ತವೆ. ಅದನ್ನು ಕಿತ್ತು ರೋಗಿಯ ಕಡತಕ್ಕೆ ಅಂಟಿಸಲೆಂದೇ ಮಾಡಿರುತ್ತಾರೆ. ಅದರ ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು. ಐದು ವರ್ಷದ ಮೇಲೆ ಸ್ಕ್ರೂ ಸಡಿಲವಾದಾಗ ಊರಿನ ದಂತವೈದ್ಯರಿಗೆ ಬೇಕಾಗುವುದು ಆ ಕಂಪನಿಯ, ಆ ಮಾದರಿಗೆ ಹೊಂದುವ ತಿರುಗುಳಿ ಮತ್ತು ಬಿಡಿಭಾಗ. ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದುವ ಖಾತ್ರಿ ಇಲ್ಲ. ಯಾವ ಇಂಪ್ಲಾಂಟ್ ಎಂದೇ ಗೊತ್ತಿಲ್ಲದಿದ್ದರೆ ಐದು ನಿಮಿಷದ ಕೆಲಸ ಎಕ್ಸ್-ರೇ ನೋಡಿ ಊಹಿಸುವ ಪತ್ತೇದಾರಿಯಾಗುತ್ತದೆ. ಜೊತೆಗೆ ಚಿಕಿತ್ಸೆಗೆ ಮೊದಲಿನ ಮತ್ತು ನಂತರದ ಎಕ್ಸ್-ರೇ, ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನಿನ ಡೈಕಾಮ್ ಕಡತ, ಹಲ್ಲುಗಳ ವಿನ್ಯಾಸದ ಎಸ್‌ಟಿಎಲ್ ಕಡತ, ಬಳಸಿದ ಪದಾರ್ಥ ಮತ್ತು ಬಣ್ಣದ ವಿವರ ಇವನ್ನೂ ಪೆನ್ ಡ್ರೈವಿನಲ್ಲಿ ಪಡೆಯಿರಿ. ಕೊನೆಯ ಕಂತು ಕಟ್ಟುವ ಮೊದಲೇ ಕೇಳುವುದು ಜಾಣತನ.

ಇಂಪ್ಲಾಂಟ್ ಸಾಲನ್ನು ಸಿಮೆಂಟಿನಿಂದ ಅಂಟಿಸುತ್ತಾರೋ ಸ್ಕ್ರೂವಿನಿಂದ ಬಿಗಿಯುತ್ತಾರೋ ಎಂಬುದೂ ಮುಖ್ಯ. ಸ್ಕ್ರೂ ಇದ್ದರೆ ಹೊಂದುವ ತಿರುಗುಳಿಯಿರುವ ಯಾವ ದಂತವೈದ್ಯರಾದರೂ ಬಿಚ್ಚಿ, ತೊಳೆದು, ರಿಪೇರಿ ಮಾಡಿ ಮತ್ತೆ ಕೂರಿಸಬಹುದು. ಸಿಮೆಂಟ್ ವಸಡಿನೊಳಗೆ ಉಳಿದರೆ ಅಲ್ಲಿ ಉರಿಯೂತವಾಗಿ ಇಂಪ್ಲಾಂಟ್ ಸುತ್ತಲಿನ ಮೂಳೆಯೇ ಸವೆಯಬಹುದು. ದೂರದೇಶದಲ್ಲಿ ಮಾಡಿಸುವವರಿಗೆ ಸ್ಕ್ರೂವಿನದೇ ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ. ಪದಾರ್ಥದ ಆಯ್ಕೆಗೂ ಇದೇ ಮಾತು ಅನ್ವಯಿಸುತ್ತದೆ. ಜಿರ್ಕೋನಿಯಾ ಗಟ್ಟಿ, ಕಲೆ ಹಿಡಿಯುವುದು ಕಡಿಮೆ, ಆದರೆ ಬಿರುಕು ಬಿಟ್ಟರೆ ಇಡೀ ಸಾಲನ್ನೇ ಹೊಸದಾಗಿ ಮಾಡಿಸಬೇಕಾದೀತು. ಟೈಟಾನಿಯಂ ಪಟ್ಟಿಯ ಮೇಲೆ ಅಕ್ರಿಲಿಕ್ ಹಲ್ಲು ಬೇಗ ಸವೆಯುತ್ತದೆ, ಆದರೆ ಒಂದು ಹಲ್ಲು ಕಳಚಿದರೆ ಊರಿನ ಲ್ಯಾಬಿನಲ್ಲೇ ಸರಿಹೋಗುತ್ತದೆ.

'ಹತ್ತು ವರ್ಷ ಗ್ಯಾರಂಟಿ' ಎಂಬುದನ್ನು ಪೂರ್ತಿ ಓದಿ. ಬಹುತೇಕ ಅದು ಹಲ್ಲಿಗೆ ಅಥವಾ ಇಂಪ್ಲಾಂಟಿಗೆ ಮಾತ್ರ; ಮತ್ತೆ ಅಲ್ಲಿಗೆ ಹೋಗುವ ವಿಮಾನದ ಖರ್ಚು, ರಜೆ, ಹೋಟೆಲ್ ನಿಮ್ಮದೇ. ವರ್ಷಕ್ಕೊಮ್ಮೆ ಅದೇ ಕ್ಲಿನಿಕ್ಕಿನಲ್ಲಿ ತಪಾಸಣೆ ಮಾಡಿಸದಿದ್ದರೆ ಗ್ಯಾರಂಟಿ ರದ್ದು ಎಂಬ ಷರತ್ತೂ ಕೆಲವು ಕಡೆ ಇರುತ್ತದೆ. ವ್ಯಾಜ್ಯವಾದರೆ ಸಾಮಾನ್ಯವಾಗಿ ಆ ದೇಶದ ಕಾನೂನು, ಆ ದೇಶದ ನ್ಯಾಯಾಲಯ. ಆದ್ದರಿಂದ ಹಣದ ಲೆಕ್ಕವನ್ನು ಕ್ಲಿನಿಕ್ಕಿನ ಪಟ್ಟಿಗೆ ನಿಲ್ಲಿಸದೆ ಎರಡು ಅಥವಾ ಮೂರು ಪ್ರವಾಸ, ಜೊತೆಗೆ ಬರುವವರ ಖರ್ಚು, ಕಳೆದ ಸಂಬಳ, ಊರಿನಲ್ಲಿ ವರ್ಷಕ್ಕೆರಡು ಸಲದ ಶುಚಿತ್ವ, ಅನಿರೀಕ್ಷಿತವಾಗಿ ಇನ್ನೊಮ್ಮೆ ಹೋಗಬೇಕಾದರೆ ಎಂದು ತೆಗೆದಿಟ್ಟ ಮೊತ್ತ ಎಲ್ಲವನ್ನೂ ಕೂಡಿಸಿ ನೋಡಬೇಕು. ಎರಡೂ ದವಡೆಗಳ ದೊಡ್ಡ ಕೆಲಸಕ್ಕೆ ಆಗಲೂ ಉಳಿತಾಯ ಕಾಣುವುದುಂಟು. ನಾಲ್ಕೈದು ಕ್ಯಾಪ್‌ಗಳ ಕೆಲಸಕ್ಕೆ ಬಹುಮಟ್ಟಿಗೆ ಕಾಣುವುದಿಲ್ಲ.

ಕೆಲವರು ಹೊರಡುವ ಮುನ್ನ ಊರಿನಲ್ಲೇ ಸಿದ್ಧತೆ ಮಾಡಿಕೊಳ್ಳಬೇಕು. ಹತೋಟಿಗೆ ಬಾರದ ಮಧುಮೇಹ, ಧೂಮಪಾನ, ಚಿಕಿತ್ಸೆಯಾಗದ ವಸಡಿನ ರೋಗ ಇವು ಮೂರೂ ಇಂಪ್ಲಾಂಟಿನ ಶತ್ರುಗಳು. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರಿಗೆ ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಮ್ಲ, ಡೆನೊಸುಮಾಬ್ ಜಾತಿಯ ಔಷಧ ತೆಗೆದುಕೊಂಡವರಲ್ಲಿ ಹಲ್ಲು ಕಿತ್ತ ಜಾಗದ ಮೂಳೆ ಮಾಯದೆ ಸಾಯುವ ಅಪಾಯವಿದೆ. ಅವರು ಈ ಸಂಗತಿಯನ್ನು ಮೊದಲ ಪತ್ರದಲ್ಲೇ ತಿಳಿಸಬೇಕು. ಔಷಧಗಳ ಪಟ್ಟಿಯನ್ನೇ ಕೇಳದೆ ಒಂದು ಎಕ್ಸ್-ರೇ ಚಿತ್ರ ನೋಡಿ ಅಂತಿಮ ದರ ಕಳಿಸಿದ ಕ್ಲಿನಿಕ್ಕನ್ನು ಪಟ್ಟಿಯಿಂದ ತೆಗೆದುಹಾಕಬಹುದು. ನಿಮ್ಮ ಬಾಯಲ್ಲಿ ಕೆಲಸ ಮಾಡುವ ವೈದ್ಯರ ಹೆಸರನ್ನು ಮೊದಲೇ ಕೇಳಿ, ಆ ದೇಶದ ದಂತವೈದ್ಯರ ನೋಂದಣಿ ಪಟ್ಟಿಯಲ್ಲಿ ಹುಡುಕಿ. ಮಾತಾಡಿಸುವ ಸಂಯೋಜಕರು ಎಷ್ಟೇ ಸೌಜನ್ಯದವರಾದರೂ ಒಮ್ಮೆ ವೈದ್ಯರೊಂದಿಗೇ ವಿಡಿಯೊ ಕರೆಯಲ್ಲಿ ಮಾತಾಡಿ.

ಕೊನೆಗೆ ಊರಿನ ದಂತವೈದ್ಯರು. ಹೋಗುವ ಮೊದಲೇ ಅವರಲ್ಲಿ ಯೋಜನೆಯನ್ನು ತೋರಿಸಿ, ಪರದೇಶದಲ್ಲಿ ಮಾಡಿಸಿದ ಹಲ್ಲುಗಳ ಆರೈಕೆಯನ್ನು ಮುಂದೆ ನೀವು ವಹಿಸಿಕೊಳ್ಳುತ್ತೀರಾ ಎಂದು ಕೇಳಿ. ಬೇರೆಯವರು ಮಾಡಿದ ಕೆಲಸದ ಹೊಣೆ ಬೇಡವೆಂದು ಕೆಲವರು ಹಿಂಜರಿಯುತ್ತಾರೆ, ಅದು ಅವರ ತಪ್ಪಲ್ಲ. ಯಾವ ಕಂಪನಿಯ ಇಂಪ್ಲಾಂಟ್ ಆದರೆ ತಮ್ಮಲ್ಲಿ ಬಿಡಿಭಾಗ ಸಿಗುತ್ತದೆ, ಯಾವ ಕಾಗದಪತ್ರ ಬೇಕು ಎಂದು ಹೇಳಿ ಒಪ್ಪಿಕೊಳ್ಳುವವರೊಬ್ಬರು ಸಿಕ್ಕ ಮೇಲೆ, ಅವರು ಹೇಳಿದ ಕಂಪನಿಯ ಹೆಸರನ್ನೇ ಪರದೇಶದ ಕ್ಲಿನಿಕ್ಕಿನ ಒಪ್ಪಂದದಲ್ಲಿ ಬರೆಸಿ, ಮುಂಗಡ ಕಟ್ಟಿ.